ಟೆಲಿಫೋನು ನಿಗಮದ ಹಣದ ಕಥೆ

ಗೋಕಾವಿ ನಾಡಿನವರಿಗೆ ಕಲ್ಲೋಳಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಶನಿವಾರ ಬಂದಿತೆಂದರೆ ಅಲ್ಲಿಯ ಮಾರುತಿಯ ದರ್ಶನಕ್ಕೆ ಮೂಡಲಗಿ, ಗೋಕಾಕ, ಹುಕ್ಕೇರಿಗಳ ಕಡೆಯಿಂದ ಜನರು ಬಂದು ಸೇರುವರು. ಆ ಜನಸಂದಣಿಯಲ್ಲಿ ಕೈಯಲ್ಲಿ ಮೊಬೈಲು ಇಲ್ಲದವರನ್ನು ಈಗ ಹುಡುಕಿ ತೆಗೆಯಬೇಕು. ತೆಂಗಿನಕಾಯಿ ಕೊಂಡವರು ಅದರ ಬೆಲೆಯನ್ನು ಮೊಬೈಲಿನಿಂದಲೇ ಸಲ್ಲಿಸುವರು. ಮಳೆಯ ಮುನ್ಸೂಚನೆಯನ್ನೂ ಪೇಟೆಯ ಧಾರಣೆಯನ್ನೂ ಕಟ್ಟೆಯ ಮೇಲೆ ಕುಳಿತೇ ನೋಡುವರು. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗಕ್ಕಿರುವ ಮಗನಿಗೆ ತಾಯಿಯು ಗುಡಿಯ ಶಿಖರವನ್ನೇ ತೋರಿಸುವಳು. ಇಪ್ಪತ್ತೈದು ವರ್ಷಗಳ ಹಿಂದೆ ಇದೇ ತಾಯಿಯು ಮಗನ ಧ್ವನಿಯನ್ನು ಕೇಳಬೇಕಾದರೆ ಹಳದಿ ಹಲಗೆಯ ಎಸ್.ಟಿ.ಡಿ. ಅಂಗಡಿಗೆ ಹೋಗಿ, ರಾತ್ರಿಯ ದರ ಇಳಿಯುವ ಹೊತ್ತನ್ನು ಕಾದು, ಕೆಂಪು ಅಂಕೆಗಳು ಓಡುವ ಯಂತ್ರದ ಮೇಲೆ ಒಂದು ಕಣ್ಣನ್ನಿಟ್ಟು ಮಾತಾಡಬೇಕಾಗಿದ್ದಿತು. ಮಾತು ಕಡಿಮೆ, ಎದೆಬಡಿತ ಹೆಚ್ಚು.

ಈ ಸೌಕರ್ಯವು ಗಾಳಿಯಲ್ಲಿ ಬರುವದೇನೋ ನಿಜ. ಆದರೆ ಗಾಳಿಯಿಂದ ಹುಟ್ಟಿದುದಲ್ಲ. ಅದರ ಹಿಂದೆ ಗೋಪುರಗಳಿವೆ, ನೆಲದಲ್ಲಿ ಹೂತ ತಂತಿಗಳಿವೆ, ಹಗಲಿರುಳು ವಿದ್ಯುತ್ತನ್ನು ನುಂಗುವ ಯಂತ್ರಗಳಿವೆ, ಅವುಗಳನ್ನು ಕಾಯುವ ಜನರಿದ್ದಾರೆ. ಇವೆಲ್ಲಕ್ಕೂ ಯಾರೋ ಒಬ್ಬರು ಯಾವಾಗಲೋ ಒಮ್ಮೆ ಬಂಡವಾಳವನ್ನು ಹಾಕಿರಲೇಬೇಕು. ಹಾಗೆ ಹಾಕಿದವರಲ್ಲಿ ಒಂದು ದೊಡ್ಡ ಸಂಸ್ಥೆಯಾದ ಭಾರತ ಸಂಚಾರ ನಿಗಮದ, ಎಂದರೆ ಎಲ್ಲರೂ ಬಿ.ಎಸ್.ಎನ್.ಎಲ್. ಎಂದು ಕರೆಯುವ ಸಂಸ್ಥೆಯ, ಹಣದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಕಂಪನಿಯ ಜಮಾಖರ್ಚಿನ ಮಾತು ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಲ್ಲಿ ಏತಕ್ಕೆ ಎಂದು ಯಾರಾದರೂ ಕೇಳಿಯಾರು. ಈ ಕಂಪನಿಯ ಒಡೆಯರು ಬೇರೆ ಯಾರೂ ಅಲ್ಲ, ಭಾರತ ಸರಕಾರದವರು. ಅವರು ೨೦೧೯, ೨೦೨೨, ೨೦೨೩ ಈ ಮೂರು ವರ್ಷಗಳಲ್ಲಿ ಮೂರು ಸಲ ನಿಗಮದ ಪುನರುದ್ಧಾರಕ್ಕಾಗಿ ನೆರವನ್ನು ಸಾರಿದರು: ಮೊದಲ ಸಲ ೬೯,೦೦೦ ಕೋಟಿ, ಎರಡನೆಯ ಸಲ ೧,೬೪,೦೦೦ ಕೋಟಿ, ಮೂರನೆಯ ಸಲ ೮೯,೦೪೭ ಕೋಟಿ ರೂಪಾಯಿ. ಒಟ್ಟು ಸುಮಾರು ೩,೨೨,೦೦೦ ಕೋಟಿ. ದೇಶದ ಜನಸಂಖ್ಯೆಯನ್ನು ೧೪೦ ಕೋಟಿಯೆಂದು ಹಿಡಿದು ಭಾಗಿಸಿದರೆ ತಲೆಗೆ ೨,೩೦೦ ರೂಪಾಯಿ ಬೀಳುವದು. ಐದು ಜನರ ಮನೆಗೆ ೧೧,೫೦೦. ಇದೆಲ್ಲವೂ ರೊಕ್ಕವಾಗಿ ಎಣಿಸಿಕೊಟ್ಟ ಹಣವಲ್ಲವೆಂಬದನ್ನು ಈಗಲೇ ಹೇಳಿಬಿಡುವದು ನ್ಯಾಯ. ಬಹುಭಾಗವು ತರಂಗಾಂತರದ ಬೆಲೆ, ಹಳೆಯ ಬಾಕಿಯ ಹೊಂದಾಣಿಕೆ ಮೊದಲಾದ ಕಾಗದದ ಲೆಕ್ಕ. ಆದರೂ ಪರರಿಗೆ ಮಾರಬಹುದಾಗಿದ್ದ ಹೊಲವನ್ನು ತಂದೆಯು ಮಗನ ಹೆಸರಿಗೆ ಬರೆದುಕೊಟ್ಟರೆ, ಅದನ್ನು ಯಾವ ಮನೆಯಲ್ಲಿಯೂ ಕೊಡದ ಲೆಕ್ಕಕ್ಕೆ ಸೇರಿಸುವದಿಲ್ಲ. ಇಷ್ಟು ಕೊಡಬೇಕಾಗಿ ಬಂದುದಾದರೂ ಹೇಗೆ ಎಂದು ಕೇಳುವ ಅಧಿಕಾರ ಕಲ್ಲೋಳಿಯ ಗೃಹಸ್ಥನಿಗೂ ಇರುವದು.

ಹಿಂದಿನ ಸಂಗತಿಯನ್ನು ಬೇಗನೆ ಹೇಳಿ ಮುಗಿಸೋಣ. ೧೮೮೨ನೆಯ ಇಸ್ವಿಯ ಜನೇವರಿಯಲ್ಲಿ ಒಂದು ವಿಲಾಯತಿ ಕಂಪನಿಯವರು ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಮೊದಲ ಟೆಲಿಫೋನು ವಿನಿಮಯ ಕೇಂದ್ರಗಳನ್ನು ತೆರೆದರು. ೧೯೪೩ರಲ್ಲಿ ಸರಕಾರದವರು ಅವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಕಾರಖಾನೆ ಸ್ಥಾಪಿತವಾಯಿತು. ನಮ್ಮ ಮನೆಗಳ ಕರಿಯ, ಭಾರವಾದ ಟೆಲಿಫೋನುಗಳಲ್ಲಿ ಬಹಳಷ್ಟು ಅಲ್ಲಿಯವೇ. ಟಪಾಲು ಮತ್ತು ತಂತಿಯ ಖಾತೆಯೇ ಟೆಲಿಫೋನನ್ನೂ ನೋಡಿಕೊಳ್ಳುತ್ತಿದ್ದಿತು. ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುವದು, ಟ್ರಂಕ್ ಕಾಲಿಗೆ ಹೆಸರು ಹಚ್ಚಿ ಅರ್ಧ ದಿನ ಕೂಡುವದು, ಕೊನೆಗೆ ಕೇಳಿಸದೆ ಚೀರುವದು, ಇವೆಲ್ಲ ಆ ಕಾಲದ ಅನುಭವಗಳು. ಘಟಪ್ರಭೆಯ ಜಲಪಾತದ ಶಕ್ತಿಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನೂಲಿನ ಗಿರಣಿ ತಿರುಗಿದ ಸೀಮೆಯಿದು. ಆದರೂ ಇಲ್ಲಿಯ ಹಳ್ಳಿಯ ಮನೆಗೆ ಮಾತಿನ ತಂತಿ ಬರಲು ನೂರು ವರ್ಷ ಸಾಲಲಿಲ್ಲ.

ಬಾರದಿರಲು ಕಾರಣವು ಹಣದ ಕೊರತೆಯೊಂದೇ ಆಗಿರಲಿಲ್ಲ. ಯಂತ್ರದ ಸ್ವಭಾವವೂ ಕಾರಣವಾಗಿದ್ದಿತು. ಪರದೇಶದಿಂದ ಬರುವ ವಿನಿಮಯ ಯಂತ್ರಗಳನ್ನು ಸಾವಿರಾರು ಚಂದಾದಾರರಿರುವ ಶಹರಗಳಿಗಾಗಿ ಕಟ್ಟಿರುತ್ತಿದ್ದರು. ಅವುಗಳಿಗೆ ಧೂಳಿಲ್ಲದ, ತಂಪುಗೊಳಿಸಿದ ಕೋಣೆ ಬೇಕು. ಕಡಿಯದ ವಿದ್ಯುತ್ತು ಬೇಕು. ಐವತ್ತು ಟೆಲಿಫೋನುಗಳಿಗೂ ಗಿರಾಕಿ ಸಿಕ್ಕದ ಊರಿನಲ್ಲಿ ಅಂತಹದನ್ನು ಇಡುವದೆಂದರೆ ಎರಡು ಎಕರೆಯ ಒಕ್ಕಲಿಗನು ಆನೆಯನ್ನು ಸಾಕಿದಂತೆ. ಅದಕ್ಕಾಗಿ ೧೯೮೪ರ ಆಗಸ್ಟಿನಲ್ಲಿ ಸಿ-ಡಾಟ್ ಎಂಬ ಸಂಶೋಧನ ಕೇಂದ್ರವನ್ನು ಸರಕಾರದವರು ತೆರೆದರು. ಅಮೇರಿಕೆಯಿಂದ ಮರಳಿದ ಶ್ರೀ ಸ್ಯಾಮ್ ಪಿತ್ರೋಡಾ ಅವರು ಅದರ ಪ್ರೇರಕರು. ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ ರೂಪಾಯಿ, ಇಷ್ಟರೊಳಗೆ ಭಾರತದ ಧೂಳು ಮತ್ತು ಬಿಸಿಲಿಗೆ ಒಗ್ಗುವ ಯಂತ್ರವನ್ನು ಕಟ್ಟುವೆವೆಂದು ಆ ತರುಣ ಎಂಜಿನಿಯರರ ಪಣ.

ಅವರು ಹಳ್ಳಿಗಾಗಿ ಕಟ್ಟಿದ ಮೊದಲ ವಿನಿಮಯ ಯಂತ್ರವನ್ನು ೧೯೮೬ರಲ್ಲಿ ನಿಲ್ಲಿಸಿ ನಡೆಯಿಸಿದ್ದು ಎಲ್ಲಿ ಎಂದು ವಾಚಕರು ಬಲ್ಲರೆ? ದಿಲ್ಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ೧೮೨೪ರಲ್ಲಿ ಚೆನ್ನಮ್ಮ ರಾಣಿಯು ಕುಂಪಣಿ ಸರಕಾರವನ್ನೆದುರಿಸಿದ ಊರೆಂದು ಕಿತ್ತೂರು ಪ್ರಸಿದ್ಧವಾಗಿದೆ. ದೇಶದ ಹಳ್ಳಿಗಳ ಟೆಲಿಫೋನು ಅಲ್ಲಿಂದ ಹೊರಟಿತೆಂಬದನ್ನು ಆ ಜಿಲ್ಲೆಯವರೇ ಅನೇಕರು ಅರಿಯರು. ೧೨೮ ದ್ವಾರಗಳ ಆ ಯಂತ್ರವು ಒಂದು ಕಪಾಟಿನಷ್ಟು ಮಾತ್ರ ದೊಡ್ಡದು. ತಂಪಿನ ಕೋಣೆಯನ್ನು ಅದು ಬೇಡಲಿಲ್ಲ. ಬಿಸಿಯಾದ ಗಾಳಿ ತಾನಾಗಿ ಮೇಲಕ್ಕೇರಿ ಹೊರಗೆ ಹೋಗುವಂತೆ ಅದನ್ನು ರಚಿಸಿದ್ದರು. ಇದರ ನಕ್ಷೆಯನ್ನು ಅನೇಕ ಕಾರಖಾನೆಗಳಿಗೆ ಕೊಟ್ಟು ಮಾಡಿಸಿದುದರಿಂದ ತೊಂಬತ್ತರ ದಶಕದಲ್ಲಿ ಊರೂರಿಗೆ ಸಣ್ಣ ವಿನಿಮಯ ಕೇಂದ್ರಗಳು ಬಂದವು. ಹಳದಿ ಹಲಗೆಯ ಅಂಗಡಿಗಳು ಅವುಗಳ ಬೆನ್ನಿಗೆ ಬಂದವು. ಮುಂದೆ ನಾವು ಓದಬೇಕಾಗಿರುವ ಲಕ್ಷ ಕೋಟಿಗಳ ನಡುವೆ ಈ ಮೂವತ್ತಾರು ಕೋಟಿಯ ಅಂಕೆಯನ್ನು ವಾಚಕರು ಮರೆಯಬಾರದು.

೨೦೦೦ನೆಯ ಇಸ್ವಿ ಅಕ್ಟೋಬರ ೧ರಂದು ಸರಕಾರದ ಖಾತೆಯೇ ನಿಗಮವಾಯಿತು. ಖಾತೆಯ ಕಟ್ಟಡಗಳು, ನಿವೇಶನಗಳು, ತಂತಿಗಳು, ಮೂರು ಲಕ್ಷಕ್ಕೂ ಮಿಕ್ಕ ನೌಕರರು, ಎಲ್ಲವೂ ಅದರ ಪಾಲಿಗೆ ಬಂದವು. ಹಾಗೆಯೇ ಹಳ್ಳಿಯ ಹೊಣೆಯೂ ಬಂದಿತು. ಈ ಹೊಣೆಯ ಭಾರವೆಷ್ಟೆಂಬದು ಶಹರದ ಬರಹಗಾರರಿಗೆ ಸುಲಭವಾಗಿ ತಿಳಿಯಲಾರದು. ಗೋಕಾಕ ಹುಕ್ಕೇರಿಗಳ ಕಡೆಯವರಿಗೆ ಒಂದೇ ಮಾತಿನಲ್ಲಿ ತಿಳಿಯುವದು. ಇಲ್ಲಿ ನೀರಾವರಿಯ ಒಕ್ಕಲಿಗರಲ್ಲಿ ಬಹಳ ಜನರು ಊರೊಳಗೆ ಇರುವದಿಲ್ಲ, ತೋಟದಲ್ಲಿಯೇ ಮನೆ ಕಟ್ಟಿಕೊಂಡಿರುವರು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಕೂಗಳತೆ, ಕೆಲವು ಕಡೆ ಅದಕ್ಕೂ ಹೆಚ್ಚು. ಶಹರದಲ್ಲಿ ಒಂದು ಮೈಲು ತಾಮ್ರದ ತಂತಿಯನ್ನು ಹೂತರೆ ಇನ್ನೂರು ಮನೆಗಳು ಸಿಕ್ಕಾವು. ಇಲ್ಲಿ ನಾಲ್ಕು ಸಿಕ್ಕಾವು. ಬಾಡಿಗೆಯೋ ಹಳ್ಳಿಗೆ ಕಡಿಮೆ. ನೇಗಿಲಿಗೆ ಸಿಕ್ಕಿ ತಂತಿ ಹರಿಯಿತೆಂದರೆ ಅದನ್ನು ಹುಡುಕಿ ಬೆಸೆಯುವ ಕೂಲಿಯೇ ಆ ನಾಲ್ಕು ಮನೆಗಳ ವರ್ಷದ ಬಾಡಿಗೆಯನ್ನು ನುಂಗೀತು.

ಇಲ್ಲಿ ಸ್ವಲ್ಪ ಅಡ್ಡಮಾತು. ಗೋಕಾಕಕ್ಕೆ ೦೮೩೩೨, ಹುಕ್ಕೇರಿಗೆ ೦೮೩೩೩, ಮೂಡಲಗಿಗೆ ೦೮೩೩೪ ಎಂದು ಟೆಲಿಫೋನಿನವರು ಸಂಖ್ಯೆಗಳನ್ನು ಹಂಚಿದ್ದರು. ಮೂಡಲಗಿಯು ತಾಲೂಕಾದುದು ತೀರ ಈಚೆಗೆ. ಅದಕ್ಕಾಗಿ ಅಲ್ಲಿಯ ಜನರು ಎಷ್ಟು ವರ್ಷ ಬೇಡಿಕೊಂಡರೆಂಬದು ಎಲ್ಲರಿಗೂ ಗೊತ್ತು. ಟೆಲಿಫೋನಿನ ಲೆಕ್ಕದಲ್ಲಿ ಮಾತ್ರ ಅದು ಮೊದಲೇ ಗೋಕಾಕದಿಂದ ಬೇರೆಯಾಗಿ ಕುಳಿತಿದ್ದಿತು.

ಹಳ್ಳಿಯ ಈ ನಷ್ಟವನ್ನು ತುಂಬಿಕೊಡಲು ಎರಡು ಏರ್ಪಾಡುಗಳಿದ್ದವು. ಎಲ್ಲ ಟೆಲಿಫೋನು ಕಂಪನಿಗಳ ಉತ್ಪನ್ನದಿಂದ ನೂರಕ್ಕೆ ಐದರಂತೆ ತೆಗೆದು ಒಂದು ಸಾರ್ವತ್ರಿಕ ಸೇವಾನಿಧಿಗೆ ಕೂಡಿಸುವದನ್ನು ೨೦೦೨ರಲ್ಲಿ ಆರಂಭಿಸಿದರು. ೨೦೦೩ರಿಂದ, ಖಾಸಗಿ ಕಂಪನಿಗಳು ತಮ್ಮ ಕರೆಗಳ ಮೇಲೆ ಸಣ್ಣದೊಂದು ಸುಂಕವನ್ನು ನಿಗಮಕ್ಕೆ ಕೊಡಬೇಕೆಂದಾಯಿತು. ಹಳ್ಳಿಯ ಹಳೆಯ ತಂತಿಗಳ ನಷ್ಟವನ್ನು ಹೊರುವವನಿಗೆ ಅದು ಪರಿಹಾರ. ಖಾಸಗಿಯವರು ಇದನ್ನು ಒಪ್ಪದೆ ಜಗಳಾಡುತ್ತಲೇ ಬಂದರು. ವರ್ಷವರ್ಷಕ್ಕೆ ಅದನ್ನು ಇಳಿಸಿ ೨೦೦೮ರಲ್ಲಿ ತೆಗೆದುಹಾಕಿದರು. ಸುಂಕ ಹೋಯಿತು, ತಂತಿ ಉಳಿಯಿತು.

ಇಷ್ಟಿದ್ದರೂ ಆ ಮೊದಲ ವರ್ಷಗಳಲ್ಲಿ ನಿಗಮವು ಬಡತನದಲ್ಲಿರಲಿಲ್ಲವೆಂಬದೇ ಈ ಕಥೆಯ ಸೋಜಿಗ. ೨೦೦೨ರ ಅಕ್ಟೋಬರಿನಲ್ಲಿ ಅದು ಮೊಬೈಲಿನ ವ್ಯವಹಾರಕ್ಕೆ ಇಳಿಯಿತು. ಖಾಸಗಿಯವರು ದೊಡ್ಡ ಊರುಗಳನ್ನು ನೋಡುತ್ತಿದ್ದಾಗ ಇದರ ಗೋಪುರಗಳು ತಾಲೂಕಿನ ಸ್ಥಳಗಳಿಗೂ ಸಣ್ಣ ಊರುಗಳಿಗೂ ಬಂದವು. ಇದರ ಸಿಮ್ ಕಾರ್ಡಿಗಾಗಿ ಜನರು ಸರದಿಯಲ್ಲಿ ನಿಂತುದನ್ನು ನೋಡಿದವರು ನಮ್ಮ ವಾಚಕರಲ್ಲಿ ಎಷ್ಟೋ ಜನರಿರಬೇಕು. ೨೦೦೪-೦೫ನೆಯ ಸಾಲಿನಲ್ಲಿ ನಿಗಮದ ನಿವ್ವಳ ಲಾಭವು ೧೦,೧೮೩ ಕೋಟಿ ರೂಪಾಯಿ. ಬ್ಯಾಂಕಿನಲ್ಲಿ ಹತ್ತಾರು ಸಾವಿರ ಕೋಟಿಯ ಶಿಲ್ಕು. ಸಾಲವಾದರೋ ಅಷ್ಟೊಂದಿಲ್ಲ. ಸ್ಥಿತಿವಂತನಾದ, ಜಾಗ ಮನೆ ಇರುವ, ಎಲ್ಲರಿಗೂ ಪರಿಚಯವಿರುವ ಮನೆತನದ ಯಜಮಾನನಂತೆ ಅದು ಇದ್ದಿತು.

ಕೆಡುವದಕ್ಕೆ ಆರಂಭವಾದದ್ದು ಅಲ್ಲಿಂದಲೇ. ೨೦೦೬ರಲ್ಲಿ ದೇಶದ ಒಟ್ಟು ಮೊಬೈಲು ಚಂದಾದಾರರು ಸುಮಾರು ಹತ್ತು ಕೋಟಿ. ೨೦೧೦ರ ಮಾರ್ಚಿನ ಹೊತ್ತಿಗೆ ಐವತ್ತೆಂಟು ಕೋಟಿ. ಜಗತ್ತಿನ ಯಾವ ದೇಶದಲ್ಲಿಯೂ ಟೆಲಿಫೋನಿನ ಬೆಳೆಯು ಇಷ್ಟು ಬೇಗ ಬಂದುದು ವಿರಳ. ಆ ಬೆಳೆಯನ್ನು ಕೊಯ್ಯಲು ನಿಗಮವು ೨೦೦೬ರಲ್ಲಿ ನಾಲ್ಕೂವರೆ ಕೋಟಿ ಸಂಪರ್ಕಗಳಿಗೆ ಸಾಲುವ ಯಂತ್ರಗಳಿಗಾಗಿ ಟೆಂಡರು ಕರೆಯಿತು. ಟೆಂಡರಿನಲ್ಲಿ ಅನರ್ಹವೆನಿಸಿದ ಕಂಪನಿಯೊಂದು ನ್ಯಾಯಾಲಯಕ್ಕೆ ಹೋಯಿತು. ಬೆಲೆ ಹೆಚ್ಚಾಯಿತೆಂದು ಮಂತ್ರಾಲಯದಿಂದ ಆಕ್ಷೇಪ ಬಂದಿತು. ಎಳೆದಾಡಿ ೨೦೦೭ರಲ್ಲಿ ಕೊಂಡುದು ಮೊದಲು ಎಣಿಸಿದುದರ ಅರ್ಧದಷ್ಟು ಮಾತ್ರ. ೨೦೦೮ರಲ್ಲಿ ಒಂಬತ್ತು ಕೋಟಿ ಮೂವತ್ತು ಲಕ್ಷ ಸಂಪರ್ಕಗಳಿಗೆ ಮತ್ತೊಂದು ಟೆಂಡರು; ೨೦೧೦ರಲ್ಲಿ ಅದೂ ರದ್ದು. ಹಣವಿದ್ದಿತು, ಗಿರಾಕಿಗಳಿದ್ದರು, ಕೊಳ್ಳುವ ನಿರ್ಧಾರ ಮಾತ್ರ ಇರಲಿಲ್ಲ. ಯಂತ್ರವಿಲ್ಲದುದರಿಂದ ಕರೆಗಳು ನಡುವೆ ಕಡಿಯತೊಡಗಿದವು. ಕಡಿಯುವ ಟೆಲಿಫೋನನ್ನು ಯಾರೂ ಇಟ್ಟುಕೊಳ್ಳುವದಿಲ್ಲ.

ನಮ್ಮ ಕಡೆಯ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬಾವಿಯನ್ನು ತೋಡುವ ಹೊತ್ತು ಬೇಸಗೆ. ಆಗ ನೀರು ಕೆಳಗಿರುವದು, ಆಳು ಸಿಗುವರು, ಎತ್ತು ಬಿಡುವಾಗಿರುವವು. ತೋಡಿದರೆ ಹಣ ಹೋದೀತೆಂದು ದಾಯಾದಿಗಳು ಜಗಳಾಡಿ ಆ ಬೇಸಗೆಯನ್ನು ಕಳೆದರೆ, ಮುಂದಿನ ವರ್ಷ ಅದೇ ಹಣ ಸಾಲುವದಿಲ್ಲ. ಅಷ್ಟರಲ್ಲಿ ಪಕ್ಕದವನ ಬಾವಿ ಆಳಕ್ಕಿಳಿದಿರುವದು. ಟೆಂಡರಿನ ಬೆಲೆ ಸರಿಯಾಗಿತ್ತೋ ಇಲ್ಲವೋ ಎಂಬ ವಾದಕ್ಕೆ ನಾವು ಇಳಿಯುವದಿಲ್ಲ. ಸಾರ್ವಜನಿಕ ಹಣವನ್ನು ಪರೀಕ್ಷಿಸಿ ಖರ್ಚು ಮಾಡಬೇಕೆಂಬದೂ ಸರಿಯೇ. ಆದರೆ ಪರೀಕ್ಷೆಗೆ ನಾಲ್ಕು ವರ್ಷ ಹಿಡಿದರೆ ಆ ನಾಲ್ಕು ವರ್ಷಗಳ ಬೆಲೆಯನ್ನು ಯಾವ ಲೆಕ್ಕತಪಾಸಣಿಗನೂ ಕಡತದಲ್ಲಿ ಬರೆಯುವದಿಲ್ಲ. ಅದು ನಿಗಮದ ಮೈಮೇಲೆ ಬಿದ್ದಿತು.

ಆ ೨೦೧೦ನೆಯ ವರ್ಷದಲ್ಲಿಯೇ ಪ್ರಧಾನ ಮಂತ್ರಿಗಳು ನಿಗಮದ ಸ್ಥಿತಿಯನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿದರು. ಅದರ ಮುಖ್ಯರು ಬೇರಾರೂ ಅಲ್ಲ, ಕಿತ್ತೂರಿನ ಯಂತ್ರದ ಪಿತ್ರೋಡಾ ಅವರೇ. ಸುಮಾರು ಒಂದು ಲಕ್ಷ ನೌಕರರಿಗೆ ಸ್ವಇಚ್ಛೆಯ ನಿವೃತ್ತಿ ಕೊಡಬೇಕು, ಕಂಪನಿಯ ನೂರಕ್ಕೆ ಮೂವತ್ತು ಪಾಲನ್ನು ಮಾರಬೇಕು ಎಂಬವು ಅವರ ಸಲಹೆಗಳಲ್ಲಿ ಮುಖ್ಯವಾದವು. ಮೊದಲನೆಯದು ಹತ್ತು ವರ್ಷ ತಡವಾಗಿ ನಡೆಯಿತು. ಎರಡನೆಯದು ನಡೆಯಲೇ ಇಲ್ಲ. ೨೦೦೯-೧೦ರ ಲೆಕ್ಕದಲ್ಲಿ ನಿಗಮವು ಮೊದಲ ಸಲ ನಷ್ಟವನ್ನು ತೋರಿಸಿತು: ೧,೮೨೩ ಕೋಟಿ.

ಅದೇ ವರ್ಷ ಇನ್ನೊಂದು ಪೆಟ್ಟು ಬಿದ್ದಿತು. ಮೊಬೈಲಿನ ಮಾತು ಹರಿದಾಡುವ ಕಣ್ಣಿಗೆ ಕಾಣದ ಹಾದಿಗೆ ತರಂಗಾಂತರವೆಂದು ಹೆಸರು. ಹಾದಿಗೆ ಒಡೆಯರು ಸರಕಾರದವರು. ೨೦೧೦ರಲ್ಲಿ ಅವರು ಮೂರನೆಯ ಪೀಳಿಗೆಯ ತರಂಗಾಂತರವನ್ನು ಲಿಲಾವಿಗೆ ಇಟ್ಟರು. ಖಾಸಗಿಯವರು ತಮಗೆ ಲಾಭವೆನಿಸಿದ ಪ್ರಾಂತಗಳನ್ನು ಮಾತ್ರ ಆರಿಸಿ ಕೂಗಿದರು. ನಿಗಮಕ್ಕೆ ಆರಿಸುವ ಸ್ವಾತಂತ್ರ್ಯವಿರಲಿಲ್ಲ; ಅದಕ್ಕೆ ಮೊದಲೇ ಎಲ್ಲ ಪ್ರಾಂತಗಳಲ್ಲಿ ತರಂಗಾಂತರವನ್ನು ಹಂಚಿದ್ದರು, ಲಿಲಾವಿನಲ್ಲಿ ಬಂದ ಬೆಲೆಯನ್ನು ಅದು ತೆರಬೇಕೆಂದರು. ಅಂತರ್ಜಾಲದ ತರಂಗಾಂತರವೂ ಸೇರಿ ಸುಮಾರು ೧೮,೫೦೦ ಕೋಟಿ ರೂಪಾಯಿ. ಬ್ಯಾಂಕಿನ ಶಿಲ್ಕಿನಲ್ಲಿ ದೊಡ್ಡ ಪಾಲು ಹೀಗೆ ಮಗನ ಕಿಸೆಯಿಂದ ತಂದೆಯ ಪೆಟ್ಟಿಗೆಗೆ ಹೋಯಿತು. ಹೊಸ ಹಾದಿ ಸಿಕ್ಕಿತು, ಅದರ ಮೇಲೆ ಓಡಿಸುವ ಗಾಡಿಗೆ ಹಣ ಉಳಿಯಲಿಲ್ಲ.

ಮುಂದಿನದು ಇಳಿಜಾರಿನ ಕಥೆ. ೨೦೧೬ರ ಸಪ್ಟಂಬರ ೫ರಂದು ರಿಲಾಯನ್ಸ್ ಜಿಯೋ ಕಂಪನಿಯವರು ನಾಲ್ಕನೆಯ ಪೀಳಿಗೆಯ ಸೇವೆಯನ್ನು, ಆರಂಭದಲ್ಲಿ ಪುಕ್ಕಟೆಯಾಗಿಯೇ, ದೇಶದ ಮುಂದೆ ಸುರಿದರು. ಒಂದು ಲಕ್ಷ ಕೋಟಿಗೂ ಮಿಕ್ಕ ಬಂಡವಾಳವನ್ನು ಒಂದೂ ಗಿರಾಕಿಯಿಲ್ಲದಾಗಲೇ ಹಾಕಿದ್ದರು. ಹಾಕುವ ನಿರ್ಧಾರ ಒಂದೇ ಮನೆಯದು. ನಿಗಮಕ್ಕೆ ನಾಲ್ಕನೆಯ ಪೀಳಿಗೆಗೆ ದೇಶವ್ಯಾಪಿಯಾದ ತರಂಗಾಂತರವೇ ಇರಲಿಲ್ಲ. ೨೦೧೮-೧೯ರಲ್ಲಿ ಅದರ ಆದಾಯದ ನೂರು ರೂಪಾಯಿಯಲ್ಲಿ ಎಪ್ಪತ್ತೈದು ನೌಕರರ ಪಗಾರಕ್ಕೇ ಹೋಗುತ್ತಿದ್ದಿತು. ೨೦೧೯ರ ಫೆಬ್ರುವರಿಯ ಪಗಾರವನ್ನು ಸರಿಯಾದ ದಿನಕ್ಕೆ ಕೊಡಲಾಗಲಿಲ್ಲ. ೨೦೧೯-೨೦ರ ನಷ್ಟ ಸುಮಾರು ೧೫,೫೦೦ ಕೋಟಿ; ಹದಿನೈದು ವರ್ಷಗಳ ಹಿಂದಿನ ಲಾಭಕ್ಕಿಂತಲೂ ಇದು ದೊಡ್ಡ ಅಂಕೆ.

ನೌಕರರ ಮೇಲೆಯೇ ಎಲ್ಲ ತಪ್ಪನ್ನು ಹೊರಿಸುವ ರೂಢಿಯೊಂದಿದೆ. ನಮಗದು ಪೂರ್ತಿ ಒಪ್ಪಿಗೆಯಿಲ್ಲ. ಜನ ಹೆಚ್ಚಾಗಿದ್ದರೆಂಬದೂ, ಕಚೇರಿಯ ಜಡತೆ ಇದ್ದಿತೆಂಬದೂ ನಿಜ. ಆದರೆ ಖಾತೆಯ ಕಾಲದಲ್ಲಿ ಅವರನ್ನು ಸೇರಿಸಿಕೊಂಡವರು ಅವರಲ್ಲ. ಟೆಂಡರನ್ನು ತಡೆದವರೂ ಅವರಲ್ಲ. ೨೦೨೦ರ ಜನೇವರಿ ೩೧ರಂದು ೭೮,೫೬೯ ಜನರು, ಎಂದರೆ ಇದ್ದವರಲ್ಲಿ ಅರ್ಧದಷ್ಟು, ಸ್ವಇಚ್ಛೆಯಿಂದ ನಿವೃತ್ತರಾದರು. ಪಗಾರದ ಭಾರ ಇಳಿಯಿತು. ಯಾವ ಬದುವಿನ ಕೆಳಗೆ ಯಾವ ತಂತಿ ಹೋಗಿದೆಯೆಂದು ನಕ್ಷೆ ನೋಡದೆ ಬಲ್ಲ ಮುದುಕರೂ ಅವರೊಡನೆ ಹೋದರು.

ಈಗ ಮೂರು ನೆರವುಗಳ ಒಳಗೆ ಇಣಿಕಿ ನೋಡೋಣ. ಮೊದಲನೆಯದರಲ್ಲಿ ನಿವೃತ್ತಿಯ ವೆಚ್ಚವೂ ನಾಲ್ಕನೆಯ ಪೀಳಿಗೆಯ ತರಂಗಾಂತರವನ್ನು ಕೊಡುವ ನಿರ್ಣಯವೂ ಇದ್ದವು. ೨೦೨೨ರ ಜುಲೈಯ ಎರಡನೆಯ ನೆರವು ಎಲ್ಲಕ್ಕೂ ದೊಡ್ಡದು: ೪೪,೯೯೩ ಕೋಟಿ ಬೆಲೆಯ ತರಂಗಾಂತರ, ೩೩,೪೦೪ ಕೋಟಿಯ ಹಳೆಯ ಬಾಕಿಯನ್ನು ಪಾಲುಹಣವಾಗಿ ಬರೆದುಕೊಂಡುದು, ಯಂತ್ರಗಳಿಗಾಗಿ ನಾಲ್ಕು ವರ್ಷಗಳಲ್ಲಿ ೨೨,೪೭೧ ಕೋಟಿ. ಈ ಪಟ್ಟಿಯಲ್ಲಿ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಸಣ್ಣದೊಂದು ಅಂಕೆ. ೨೦೧೪-೧೫ರಿಂದ ೨೦೧೯-೨೦ರ ವರೆಗೆ ಹಳ್ಳಿಗಳಲ್ಲಿ ನಷ್ಟದಿಂದ ನಡೆಯಿಸಿದ ತಂತಿಯ ಟೆಲಿಫೋನುಗಳಿಗಾಗಿ ೧೩,೭೮೯ ಕೋಟಿ ರೂಪಾಯಿ ಪರಿಹಾರ! ತೋಟದ ಮನೆಗಳ ನಾಲ್ಕು ಟೆಲಿಫೋನುಗಳ ನಷ್ಟವು ಸುಳ್ಳಲ್ಲವೆಂದು ಸರಕಾರದವರೇ ಒಪ್ಪಿಕೊಂಡಂತಾಯಿತು. ಆದರೆ ಒಪ್ಪಿಕೊಂಡದ್ದು ಯಾವಾಗ? ಅಷ್ಟರಲ್ಲಿ ಆ ಟೆಲಿಫೋನುಗಳಲ್ಲಿ ಹೆಚ್ಚಿನವು ಮೂಕವಾಗಿ ಗೂಟಕ್ಕೆ ಜೋತು ಬಿದ್ದಿದ್ದವು. ವರ್ಷವರ್ಷ ಕೊಟ್ಟಿದ್ದರೆ ಅದು ಬಂಡವಾಳವಾಗುತ್ತಿದ್ದಿತು; ಒಟ್ಟಿಗೆ, ತಡವಾಗಿ ಕೊಟ್ಟುದು ಔಷಧದ ಖರ್ಚಾಯಿತು.

ತರಂಗಾಂತರ ಬಂದ ಮೇಲೆಯೂ ವಿಳಂಬ ತಪ್ಪಲಿಲ್ಲ. ೨೦೨೦ರ ಮಾರ್ಚಿನಲ್ಲಿ ಕರೆದ ಟೆಂಡರನ್ನು, ಪರದೇಶದ ಅದರಲ್ಲಿಯೂ ಚೀನದ ಯಂತ್ರಗಳ ಪ್ರಶ್ನೆ ಎದ್ದುದರಿಂದ, ಜುಲೈಯಲ್ಲಿ ರದ್ದುಪಡಿಸಿದರು. ಸ್ವದೇಶದ ಯಂತ್ರವೇ ಬೇಕೆಂದು ಗೊತ್ತಾಯಿತು. ಹಾಗೆ ನೋಡಿದರೆ ಅಂತಹ ಯಂತ್ರ ಆಗ ದೇಶದಲ್ಲಿ ಸಿದ್ಧವಿರಲೇ ಇಲ್ಲ! ಟಾಟಾ ಕನ್ಸಲ್ಟನ್ಸಿಯವರು ಮುಂದಾಳಾಗಿ, ಗೋಪುರದ ಮೇಲಿನ ರೇಡಿಯೋ ಯಂತ್ರಗಳನ್ನು ಬೆಂಗಳೂರಿನ ತೇಜಸ್ ನೆಟ್ವರ್ಕ್ಸ್ ಕಂಪನಿಯವರೂ, ನಡುಮನೆಯ ಮೆದುಳನ್ನು ಸಿ-ಡಾಟಿನವರೂ ಕಟ್ಟುವದೆಂದಾಯಿತು. ಒಂದು ಲಕ್ಷ ಗೋಪುರಗಳಿಗಾಗಿ ೧೫,೦೦೦ ಕೋಟಿಗೂ ಮಿಕ್ಕ ಆದೇಶ ೨೦೨೩ರ ಮೇ ತಿಂಗಳಲ್ಲಿ ಹೊರಟಿತು. ಅದರಲ್ಲಿ ತೇಜಸ್ಸಿನ ಪಾಲು ೭,೪೯೨ ಕೋಟಿ. ೨೦೨೫ರ ಸಪ್ಟಂಬರ ೨೭ರಂದು ಓಡಿಶಾದ ಝಾರ್ಸುಗುಡದಲ್ಲಿ ಪ್ರಧಾನ ಮಂತ್ರಿಗಳು ಈ ಸೇವೆಯನ್ನು ದೇಶಕ್ಕೆ ಅರ್ಪಿಸಿದರು. ತೊಂಬತ್ತೇಳು ಸಾವಿರಕ್ಕೂ ಮಿಕ್ಕ ಗೋಪುರಗಳು. ಸುಮಾರು ೩೭,೦೦೦ ಕೋಟಿಯ ವೆಚ್ಚ. ಕಿತ್ತೂರಿನ ಕಪಾಟನ್ನು ಕಟ್ಟಿದ ಅದೇ ಕೇಂದ್ರದ ಕೈಕೆಲಸವು ಮೂವತ್ತೊಂಬತ್ತು ವರ್ಷಗಳ ಮೇಲೆ ಇದರ ಹೊಟ್ಟೆಯಲ್ಲಿ ಕುಳಿತಿದೆ.

ಇದು ಹೆಮ್ಮೆಪಡಬೇಕಾದ ಸಂಗತಿಯೋ ಮರುಗಬೇ ಕಾದ ಸಂಗತಿಯೋ ಎಂದರೆ ನಮ್ಮ ಮನಸ್ಸು ಎರಡಾಗಿರುವದು. ತನ್ನ ಯಂತ್ರವನ್ನು ತಾನೇ ಕಟ್ಟಬಲ್ಲ ದೇಶಗಳನ್ನು ಒಂದು ಕೈಯ ಬೆರಳುಗಳಿಂದ ಎಣಿಸಬಹುದು; ಅವುಗಳಲ್ಲಿ ಭಾರತವು ಸೇರಿತು. ಆದರೆ ಖಾಸಗಿಯವರು ಐದನೆಯ ಪೀಳಿಗೆಯನ್ನು ೨೦೨೨ರ ಅಕ್ಟೋಬರಿನಲ್ಲಿಯೇ ಆರಂಭಿಸಿದ್ದರು. ನಿಗಮವು ನಾಲ್ಕನೆಯದನ್ನು ಮುಗಿಸಿದ್ದು ಅದಾಗಿ ಮೂರು ವರ್ಷಕ್ಕೆ. ದೇಶದ ವಿದ್ಯೆಗೆ ಆದ ಲಾಭದ ಖರ್ಚನ್ನು ನಿಗಮದ ಗಿರಾಕಿಗಳು ತೆತ್ತರೆಂದೇ ಹೇಳಬೇಕು. ೨೦೨೪ರ ಜುಲೈಯಲ್ಲಿ ಖಾಸಗಿಯವರು ದರ ಏರಿಸಿದಾಗ ಲಕ್ಷಾಂತರ ಜನರು ತಾವಾಗಿ ನಿಗಮಕ್ಕೆ ಮರಳಿ ಬಂದರು. ಮನೆಗೆ ನೆಂಟರು ಬಂದರು, ಒಲೆ ಇನ್ನೂ ಹತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಬಂದವರಲ್ಲಿ ಅನೇಕರು ಹಿಂದಿರುಗಿದರು.

ಖಾಸಗಿಯಾದರೆ ಎಲ್ಲವೂ ಸುಖವೆಂದು ತಿಳಿಯುವವರು ವೊಡಾಫೋನ್ ಐಡಿಯಾದ ಕಡೆಗೊಮ್ಮೆ ನೋಡಬೇಕು. ನಮ್ಮ ಕರ್ನಾಟಕದಲ್ಲಿ ಹೆಸರಾಗಿದ್ದ ಸ್ಪೈಸ್ ಕಂಪನಿಯನ್ನು ೨೦೦೮ರಲ್ಲಿ ಐಡಿಯಾ ನುಂಗಿತು. ೨೦೧೮ರಲ್ಲಿ ಐಡಿಯಾ ಮತ್ತು ವೊಡಾಫೋನ್ ಕೂಡಿದವು. ೨೦೧೯ರ ಅಕ್ಟೋಬರಿನ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಆ ಕೂಡಿದ ಮನೆಯ ಮೇಲೆ ಹಳೆಯ ಬಾಕಿಯ ಗುಡ್ಡ ಬಿದ್ದಿತು. ಬಾಕಿಗೆ ಬದಲು ಪಾಲನ್ನು ತೆಗೆದುಕೊಳ್ಳುತ್ತ ಹೋದ ಸರಕಾರದವರು ೨೦೨೫ರಲ್ಲಿ ಅದರ ನೂರಕ್ಕೆ ನಲವತ್ತೊಂಬತ್ತರ ಪಾಲುದಾರರಾದರು. ಮಾರಬೇಕೆಂದು ಎಣಿಸಿದ ಅಂಗಡಿ ಮಾರಾಟವಾಗಲಿಲ್ಲ, ಪಕ್ಕದ ಅಂಗಡಿಯಲ್ಲಿಯೂ ಅರ್ಧ ಗಂಟುಬಿದ್ದಿತು.

ನಿಗಮದ ಲೆಕ್ಕವೇನೋ ಸುಧಾರಿಸುತ್ತ ಬಂದಿದೆ. ೨೦೨೩-೨೪ರಲ್ಲಿ ೫,೩೭೦ ಕೋಟಿಯಿದ್ದ ನಷ್ಟ ಮರುವರ್ಷ ೨,೨೪೭ ಕೋಟಿಗೆ ಇಳಿಯಿತು. ೨೦೨೪-೨೫ರ ಕೊನೆಯ ಎರಡು ತ್ರೈಮಾಸಿಕಗಳಲ್ಲಿ ೨೬೨ ಕೋಟಿ, ೨೮೦ ಕೋಟಿಯ ಲಾಭವೂ ಕಂಡಿತು. ಹದಿನೆಂಟು ವರ್ಷಗಳಿಂದ ಕಾಣದ ಲಾಭವೆಂದು ಸರಕಾರದವರು ಸಂತೋಷಪಟ್ಟರು. ಅದಕ್ಕೆ ಮುಂದಿನ ತ್ರೈಮಾಸಿಕದಲ್ಲಿ ಮತ್ತೆ ೧,೦೪೯ ಕೋಟಿ ನಷ್ಟ. ಇದನ್ನು ನೋಡಿ ನಗುವವರು ಒಂದು ಮಾತನ್ನು ತಿಳಿಯಬೇಕು. ಹೊಸ ಯಂತ್ರವನ್ನು ಕೊಂಡರೆ ಅದರ ಸವಕಳಿಯನ್ನು ವರ್ಷವರ್ಷವೂ ಖರ್ಚಿನ ಕಡೆಗೆ ಬರೆಯಬೇಕಾಗುವದು. ಎಂದೂ ಏನನ್ನೂ ಕೊಳ್ಳದೆ ಹಳೆಯ ಯಂತ್ರವನ್ನೇ ತಿಕ್ಕುತ್ತಿರುವ ಕಂಪನಿಯ ಲೆಕ್ಕವು ಕೆಲವು ಕಾಲ ಚೆಲುವಾಗಿಯೇ ಕಾಣುವದು. ಬಂಡವಾಳ ಹಾಕಿದ ವರ್ಷದ ನಷ್ಟಕ್ಕೂ ಹಾಕದೆ ಬಂದ ನಷ್ಟಕ್ಕೂ ಭೇದವಿದೆ. ಆ ಯಂತ್ರಕ್ಕೆ ಗಿರಾಕಿಗಳು ಬರುವರೇ ಎಂಬದೊಂದೇ ಈಗಿನ ಪ್ರಶ್ನೆ.

ಗಿರಾಕಿಗಳು ಎಲ್ಲಿಂದ ಬರಬೇಕು? ಶಹರದಲ್ಲಿ ಖಾಸಗಿಯವರನ್ನು ಬೆಲೆಯಿಂದ ಸೋಲಿಸುವೆವೆಂಬ ಆಸೆ ನಮಗೆ ಹುಸಿಯಾಗಿ ತೋರುವದು. ನಿಗಮದ ಕೈಯಲ್ಲಿ ಇತರರಿಗಿಲ್ಲದ ವಸ್ತುವೆಂದರೆ ಹಳ್ಳಿಗಳ ವರೆಗೆ ಹೂತಿರುವ ಗಾಜಿನ ತಂತಿ. ಗ್ರಾಮಪಂಚಾಯತಿಗಳಿಗೆಲ್ಲ ಈ ತಂತಿಯನ್ನು ಮುಟ್ಟಿಸುವ ಯೋಜನೆಗೆ ೨೦೧೧ರಲ್ಲಿ ಒಪ್ಪಿಗೆ ದೊರೆಯಿತು. ೨೦೨೩ರಲ್ಲಿ ಅದನ್ನು ತಿದ್ದಿ ಬೆಳೆಸಲು ೧,೩೯,೦೦೦ ಕೋಟಿಗೂ ಮಿಕ್ಕ ಹಣವನ್ನು ಗೊತ್ತುಮಾಡಿ ಅದರ ಹೊಣೆಯನ್ನು ನಿಗಮಕ್ಕೇ ಒಪ್ಪಿಸಿದರು. ಪಂಚಾಯತಿಯಿಂದ ಮನೆಯ ವರೆಗಿನ ತಂತಿಯನ್ನು ಊರಿನ ತರುಣನೇ ಎಳೆದು ನೋಡಿಕೊಳ್ಳುವದು, ಬಂದ ಹಣದಲ್ಲಿ ಅರ್ಧ ಅವನಿಗೆ ಎಂಬ ಏರ್ಪಾಡಿದೆ. ಇದು ಬುದ್ಧಿವಂತಿಕೆಯ ಕ್ರಮ. ತಂತಿ ಹರಿದರೆ ಜಿಲ್ಲೆಯ ಕಚೇರಿಯಿಂದ ಜನ ಬರುವದನ್ನು ಕಾಯಬೇಕಾಗಿಲ್ಲ. ಹರಿದ ತಂತಿಯಿಂದ ಮೊದಲು ಹಾನಿಯಾಗುವದು ಆ ತರುಣನಿಗೇ. ಕಲ್ಲೋಳಿಯು ಪಟ್ಟಣ ಪಂಚಾಯತಿಯಾದುದರಿಂದ ಗ್ರಾಮಪಂಚಾಯತಿಗಳ ಆ ಪಟ್ಟಿಗೆ ಸೇರುವದಿಲ್ಲ, ಸುತ್ತಲಿನ ಹಳ್ಳಿಗಳು ಸೇರುವವು. ತೋಟದ ಮನೆಗಳ ವರೆಗೆ ಆ ಗಾಜಿನ ಎಳೆ ಹೋದರೆ, ಮಕ್ಕಳ ಪಾಠಕ್ಕೂ ಒಕ್ಕಲುತನದ ವ್ಯವಹಾರಕ್ಕೂ ಶಹರದವರಿಗಿರುವ ಅನುಕೂಲವೇ ಸಿಕ್ಕೀತು.

ಇಲ್ಲಿಯೂ ಹಳೆಯ ಲೆಕ್ಕವೇ ಎದುರಿಗೆ ನಿಲ್ಲುವದು: ಒಂದು ಮೈಲಿಗೆ ನಾಲ್ಕು ಮನೆ. ಈ ಸಲ ಆ ನಷ್ಟವನ್ನು ವರ್ಷವರ್ಷ ತುಂಬಿಕೊಡುವರೋ, ಅಥವಾ ಎಂಟು ವರ್ಷಗಳ ಮೇಲೆ ಪುನರುದ್ಧಾರದ ಹೆಸರಿನಲ್ಲಿ ಕೊಡುವರೋ ಎಂಬದನ್ನು ಗೃಹಸ್ಥರು ಗಮನಿಸುತ್ತಿರಬೇಕು. ಲೋಕಸಭೆಯ ಚುನಾವಣೆಗೆ ಮತ ಕೇಳಲು ಬಂದವರನ್ನು ಕೇಳುವದಕ್ಕೆ ಇದು ಒಳ್ಳೆಯ ಪ್ರಶ್ನೆ.

ಸಾಲದ ದಿನವೂ ದೂರವಿಲ್ಲ. ಮೊದಲ ನೆರವಿನ ಅಂಗವಾಗಿ ೨೦೨೦ರ ಸಪ್ಟಂಬರಿನಲ್ಲಿ ನಿಗಮವು ಸರಕಾರದ ಜಾಮೀನಿನ ಮೇಲೆ ೮,೫೦೦ ಕೋಟಿ ರೂಪಾಯಿಯ ಬಾಂಡುಗಳನ್ನು ಮಾರಿತ್ತು. ಬಡ್ಡಿ ವರ್ಷಕ್ಕೆ ನೂರಕ್ಕೆ ೬.೭೯. ಅವುಗಳ ಅಸಲನ್ನು ೨೦೩೦ರ ಸಪ್ಟಂಬರಿನಲ್ಲಿ ತೀರಿಸಬೇಕಾಗಿದೆ.